ಇನ್ನೂರ ಹದಿನಾಲ್ಕರ ಕೆಳದವಡೆ

ನಮ್ಮ ಕೆಲಸದಲ್ಲಿ ಮುಖಗಳಿಲ್ಲ. ಹಲ್ಲಿನ ಕ್ಲಿನಿಕ್ಕುಗಳಿಂದ ದಿನಕ್ಕೆರಡು ಸಲ ನೀಲಿ ಡಬ್ಬಿಗಳು ಬರುತ್ತವೆ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಬಾಯಿಯ ಅಚ್ಚು, ಗುಲಾಬಿ ಬಣ್ಣದ್ದು, ರಬ್ಬರಿನಂತೆ ಮೆತ್ತಗಿನದು. ಜೊತೆಗೊಂದು ಚೀಟಿ, ಚೀಟಿಯ ಮೇಲೊಂದು ನಂಬರು. ಅಚ್ಚಿಗೆ ಪ್ಲಾಸ್ಟರ್ ಕಲಸಿ ಸುರಿದು ಬಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಯಾರದೋ ದವಡೆ ಮೇಜಿನ ಮೇಲೆ ಬಂದು ಕೂರುತ್ತದೆ. ಅದಕ್ಕೆ ತಕ್ಕಂತೆ ಹಲ್ಲು ಕಟ್ಟಿ, ಉಜ್ಜಿ, ಹೊಳಪು ಕೊಟ್ಟು ಅದೇ ಡಬ್ಬಿಯಲ್ಲಿ ವಾಪಸು ಕಳಿಸುತ್ತೇವೆ. ಆ ಹಲ್ಲು ಹಾಕಿಕೊಂಡು ಯಾರು ನಕ್ಕರು, ಯಾರು ಯಾರನ್ನು ಬೈದರು, ನಮಗೆ ಗೊತ್ತಾಗುವುದಿಲ್ಲ. ಸರಿಯಾಗಿ ಕೂತ ಹಲ್ಲಿನ ಸುದ್ದಿ ಬರುವುದೇ ಇಲ್ಲ. ಕೂರದ ಹಲ್ಲು ಮಾತ್ರ ತಿರುಗಿ ಬರುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಸಾವಿರಾರು ಬಾಯಿ ನೋಡಿದ್ದೆ, ಅವುಗಳಲ್ಲಿ ಒಂದರ ಮುಖವನ್ನೂ ನೋಡಿರಲಿಲ್ಲ.

ಇನ್ನೂರ ಹದಿನಾಲ್ಕು ಮೊದಲ ಸಲ ಬಂದದ್ದು ನಾಲ್ಕೂವರೆ ವರ್ಷದ ಹಿಂದೆ. ಕೆಳದವಡೆ. ಹಿಂದಿನ ಹಲ್ಲುಗಳು ಎಡಕ್ಕೆರಡು, ಬಲಕ್ಕೆರಡು ಇರಲಿಲ್ಲ. ಎಡಗಡೆಯ ಕೋರೆಹಲ್ಲಿನ ತುದಿ ಓರೆಯಾಗಿ ಮುರಿದಿತ್ತು. ಅವತ್ತು ಸುರಿದ ಪ್ಲಾಸ್ಟರಿನಲ್ಲಿ ಗಾಳಿಯ ಒಂದು ಗುಳ್ಳೆಯೂ ಇರಲಿಲ್ಲ. ಹಾಲು ಹೆಪ್ಪುಗಟ್ಟಿದಂತೆ ನುಣುಪಾಗಿ ಬಂದಿತ್ತು. ಪಕ್ಕದ ಮೇಜಿನ ಮೇಣದಜ್ಜ ಕೂಡ ಕನ್ನಡಕ ಮೇಲೇರಿಸಿ ನೋಡಿದರು. ಮೇಣದಲ್ಲಿ ಹಲ್ಲು ಜೋಡಿಸುವುದು ಅವರ ಕೆಲಸ, ಅದಕ್ಕೇ ಆ ಹೆಸರು. ಅವರಿಗೇ ಮುಂದಿನ ಎರಡು ಹಲ್ಲಿಲ್ಲ. ಕಟ್ಟಿಸಿಕೊಳ್ಳಿ ಅಂದರೆ, "ಇಲ್ಲಿ ಹಲ್ಲು ಹ್ಯಾಗೆ ಮಾಡ್ತಾರೆ ಅಂತ ಕಣ್ಣಾರೆ ನೋಡಿದ್ದೀನಮ್ಮ, ಬಾಯಿಗೆ ಹಾಕ್ಕೊಳ್ಳೋಕೆ ಧೈರ್ಯ ಬರಲ್ಲ" ಅನ್ನುತ್ತಾರೆ. ಅಂಥವರು ಅವತ್ತು "ಪರವಾಗಿಲ್ಲ ಕಣೇ" ಅಂದರು. ನಾನು ಆರು ತಿಂಗಳು ಅದೇ ಬಲದ ಮೇಲೆ ಬದುಕಿದೆ.

ಆರು ತಿಂಗಳಾದ ಮೇಲೆ ಹಳೆಯ ದವಡೆಗಳನ್ನೆಲ್ಲ ಒಡೆದು ಚೀಲಕ್ಕೆ ತುಂಬುವುದು ನಮ್ಮ ಲ್ಯಾಬಿನ ಪದ್ಧತಿ. ಕಪಾಟಿನಲ್ಲಿ ಜಾಗ ಸಾಲದು. ಅದೊಂದನ್ನು ಒಡೆಯಲು ಕೈ ಬರದೆ ಮನೆಗೆ ತಂದೆ. ಮಗಳು ಅದಕ್ಕೆ ಕಪ್ಪು ಬಣ್ಣದಲ್ಲಿ ಹುಬ್ಬು, ಮೀಸೆ ಬರೆದು, ಹಲ್ಲಣ್ಣ ಎಂದು ಹೆಸರಿಟ್ಟು, ಪುಸ್ತಕದ ಹಾಳೆ ಮಗುಚದಂತೆ ಒತ್ತಿಡಲು ಬಳಸತೊಡಗಿದಳು.

ಅದರ ಮೇಲೆ ಮಾಡಿದ ಪ್ಲೇಟು, ಅಂದರೆ ತೆಗೆದು ಹಾಕಿಕೊಳ್ಳುವ ಹಲ್ಲಿನ ಸೆಟ್ಟು, ಒಂಬತ್ತು ತಿಂಗಳಿಗೆ ತಿರುಗಿ ಬಂತು. ಚೀಟಿಯಲ್ಲಿ ಡಾಕ್ಟರಮ್ಮ ಬರೆದಿದ್ದರು: "ಸರಿಯಾಗಿ ಕೂರುತ್ತಿಲ್ಲ. ದಯವಿಟ್ಟು ಗಮನಿಸಿ." ನಾನು ಗಮನಿಸಿದೆ. ಒಂದು ಕಡೆ ಉಜ್ಜಿದೆ, ಇನ್ನೊಂದು ಕಡೆ ಹೊಸ ಪದರ ಕೂಡಿಸಿದೆ, ಕಳಿಸಿದೆ.

ಆಮೇಲೆ ಕ್ಲಿನಿಕ್ಕಿನ ನರ್ಸಿನ ಫೋನು ಬಂತು. ಅವಳನ್ನೂ ನಾನು ನೋಡಿರಲಿಲ್ಲ. ದನಿ ಮಾತ್ರ ಪರಿಚಯ.

"ಅಕ್ಕಾ, ಆ ಇನ್ನೂರ ಹದಿನಾಲ್ಕು ಮತ್ತೆ ಅಲ್ಲಾಡ್ತಿದೆಯಂತೆ. ಡಾಕ್ಟರಮ್ಮಂಗೆ ಗೊತ್ತಾದ್ರೆ ನಿಮ್ಮ ಮೇಲೆ ಹರಿಹಾಯ್ತಾರೆ. ಇವತ್ತು ಶನಿವಾರ, ಅವರು ಮಧ್ಯಾಹ್ನಾನೇ ಹೋದ್ರು. ನಾನೇ ಪ್ಲೇಟಿಗೆ ಅಚ್ಚಿನ ಪೇಸ್ಟ್ ಹಾಕಿ ಪೇಷೆಂಟ್ ಬಾಯಲ್ಲಿ ಒತ್ತಿಸಿ ಕಳಿಸ್ತೀನಿ. ನೀವು ಹಾಗೇ ಒಂಚೂರು ನೋಡಿಬಿಡಿ. ಚೀಟಿ ಗೀಟಿ ಏನೂ ಬೇಡ."

"ನಿನ್ನ ಹೊಟ್ಟೆ ತಣ್ಣಗಿರಲಮ್ಮ" ಅಂದೆ. ಚೀಟಿಯಿಲ್ಲ ಅಂದಮೇಲೆ ರಿಜಿಸ್ಟರಿನಲ್ಲೂ ಬರೆಯಲಿಲ್ಲ. ಕೆಲಸದವರು ಕೆಲಸದವರಿಗೆ ಮಾಡಿಕೊಳ್ಳುವ ಉಪಕಾರ ಅದು. ಹೀಗೆ ಒಂದಲ್ಲ, ಮೂರು ಶನಿವಾರ ನಡೆಯಿತು. ಪ್ರತಿ ಸಲವೂ ನನ್ನದೇ ಕೈತಪ್ಪು ಅಂದುಕೊಂಡು, ಬಾಯಿ ಮುಚ್ಚಿಕೊಂಡು ಉಜ್ಜಿ, ಕೂಡಿಸಿ, ಸಂಜೆಯ ಡಬ್ಬಿಗೆ ಹಾಕಿದೆ. ಎಂಥದನ್ನಾದರೂ ಕೂರಿಸುತ್ತೇನೆ ಎಂದು ನನಗೆ ಹೆಸರಿತ್ತಲ್ಲ, ಅದನ್ನು ಉಳಿಸಿಕೊಂಡೆ.

ಹೋದ ವರ್ಷ ಅದು ಚೀಟಿಯ ಸಮೇತ ಬಂತು. ಚೀಟಿಯಲ್ಲಿ ಎರಡೇ ಮಾತು: "ಇದೇನು ಕೆಲಸ?" ಜೊತೆಗೆ ಹೊಸ ಅಚ್ಚು. ಮೊದಲಿಂದ ಮಾಡಿಕೊಡಬೇಕಂತೆ.

ಯಜಮಾನರು ನನ್ನನ್ನು ಗಾಜಿನ ಕೋಣೆಗೆ ಕರೆದರು. ಒಳ್ಳೆಯವರೇ. ಆದರೆ ಫೋನಿನಲ್ಲಿ ಬೈಸಿಕೊಂಡ ದಿನ ಒಳ್ಳೆಯತನ ಸ್ವಲ್ಪ ಕಡಿಮೆ.

"ನೋಡಮ್ಮಾ, ನಮಗೆ ಬರೋ ಡಬ್ಬಿಗಳಲ್ಲಿ ಮೂರರಲ್ಲೊಂದು ಆ ಡಾಕ್ಟರಮ್ಮಂದು. ಬೇರೆ ಲ್ಯಾಬ್ ನೋಡ್ಕೋತೀನಿ ಅಂತಿದ್ದಾರೆ. ಶುಕ್ರವಾರ ನಾಲ್ಕು ಗಂಟೆಗೆ ಆ ಮನುಷ್ಯ ಹಲ್ಲು ಹಾಕಿಸ್ಕೊಳ್ಳೋಕೆ ಬರ್ತಾನೆ. ಇದೂ ಕೂರಲಿಲ್ಲ ಅಂದ್ರೆ ಸೋಮವಾರದಿಂದ ನೀನು ಪಾಲಿಶ್ ಮೇಜಿಗೆ ಹೋಗು. ಬೇಜಾರು ಮಾಡ್ಕೋಬೇಡ. ವಯಸ್ಸಾಗ್ತಾ ಕೈ ಒಂದೊಂದ್ಸಲ..."

ಅವರು ಮಾತು ಮುಗಿಸಲಿಲ್ಲ. ಮುಗಿಸಿದ್ದರೇ ಚೆನ್ನಾಗಿತ್ತು.

ಪಾಲಿಶ್ ಮೇಜು ಎಂದರೆ ಗೋಡೆಯ ಕಡೆಗೆ ಮುಖ ಮಾಡಿಕೊಂಡು, ತಿರುಗುವ ಚಕ್ರಕ್ಕೆ ಬೇರೆಯವರು ಮಾಡಿದ ಹಲ್ಲನ್ನು ಒಡ್ಡುತ್ತಾ ಕೂರುವುದು. ನಾನು ಕೆಲಸಕ್ಕೆ ಸೇರಿದಾಗ ಕೂತದ್ದು ಅಲ್ಲೇ. ಅಲ್ಲಿಂದ ಕಿಟಕಿಯ ಪಕ್ಕದ ಮೇಜಿಗೆ ಬರಲು ನಾಲ್ಕು ವರ್ಷ ಹಿಡಿದಿತ್ತು. ಮೇಜು ಹೋದರೆ ಹೋಗಲಿ ಎನ್ನಬಹುದಿತ್ತೋ ಏನೋ. ನನ್ನನ್ನು ಕೊರೆದದ್ದು ಬೇರೆ. ಐದು ಸಲ ತಪ್ಪಿದ ಕೈ ನಿಜವಾಗಿಯೂ ಕೆಟ್ಟಿದೆಯೇ? ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿಯುತ್ತವೆ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತೇನೆ. ಮನೆಯಲ್ಲಿ ನಾವಿಬ್ಬರೇ. ಈ ಎರಡು ಕೈ ಹೋದರೆ ಮೂರನೆಯದಿಲ್ಲ.

ಗುರುವಾರ ಸಂಜೆ ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಲಂಗದ ಅಂಚು ಬಿಚ್ಚಿ ಎರಡು ಬೆರಳು ಇಳಿಸಿದ್ದು ಹೋದ ತಿಂಗಳು. ಮತ್ತೆ ಮೊಣಕಾಲು ಕಾಣುತ್ತಿತ್ತು. ಅವಳಿಗೆ ಆಗ ಹದಿಮೂರು. ಬೆಳಿಗ್ಗೆ ಕೊಟ್ಟ ಉತ್ತರ ಸಂಜೆಗೆ ನೆನಪಿರುವುದಿಲ್ಲ, ಬೆಳಿಗ್ಗೆ ಬಂದ ಸಿಟ್ಟು ಮಾತ್ರ ಸಂಜೆಯವರೆಗೂ ಇರುತ್ತದೆ. ಮರುದಿನ ವಿಜ್ಞಾನ ಪರೀಕ್ಷೆ, ಗ್ರಂಥಿಗಳ ಪಾಠ. ಹಾಳೆಯ ಮೇಲೆ ಹಲ್ಲಣ್ಣನನ್ನಿಟ್ಟುಕೊಂಡು ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು.

"ಅಮ್ಮಾ, ನನ್ನ ಕೇಳು."

"ಪಿಟ್ಯುಟರಿ ಎಲ್ಲಿದೆ?"

"ಮಿದುಳಿನ ಕೆಳಗೆ, ಮೂಗಿನ ಬುಡದ ಹಿಂದೆ. ಬಟಾಣಿ ಕಾಳಿನಷ್ಟು ದಪ್ಪ. ಬೇರೆ ಗ್ರಂಥಿಗಳಿಗೆಲ್ಲ ಅದೇ ಮೇಸ್ತ್ರಿ."

"ಅಷ್ಟು ಚಿಕ್ಕದು ಇಷ್ಟು ದೊಡ್ಡ ಮೈಗೆಲ್ಲ ಹೇಳುತ್ತಾ?"

"ನೀನು ಐದಡಿ ಇದ್ದೀಯ. ಮನೆಗೆಲ್ಲ ಹೇಳಲ್ವಾ?"

ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿದೆ. ಅವಳು ನಕ್ಕು ಮುಂದುವರಿಸಿದಳು. ಗ್ರಂಥಿ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೈಯೆಲ್ಲ ಸುತ್ತುತ್ತದೆ, ಆದರೆ ಯಾವ ಜೀವಕೋಶದಲ್ಲಿ ಅದಕ್ಕೆ ಹೊಂದುವ ಬೀಗವಿದೆಯೋ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕತ್ತಿನಲ್ಲಿರುವ ಥೈರಾಯ್ಡಿಗೆ ಕೆಲಸ ಮಾಡು ಅಂತ ಪಿಟ್ಯುಟರಿ ಹೇಳಿ ಕಳಿಸುತ್ತದೆ. ಥೈರಾಯ್ಡ್ ತನ್ನ ಹಾರ್ಮೋನು ಬಿಡುತ್ತದೆ. ರಕ್ತದಲ್ಲಿ ಅದು ಬೇಕಾದಷ್ಟಾದರೆ ಪಿಟ್ಯುಟರಿ ಸುಮ್ಮನಾಗುತ್ತದೆ.

"ಸಾಕು ಅಂತ ಅದಕ್ಕೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲಮ್ಮ. ಅದೇ ರಕ್ತ ತಾನೇ ಅದರ ಹತ್ರಾನೂ ಹರಿಯೋದು? ಜಾಸ್ತಿಯಾದ್ರೆ ಅದಕ್ಕೇ ಗೊತ್ತಾಗುತ್ತೆ, ನಿಲ್ಲಿಸುತ್ತೆ. ಸಂಜೆ ನೀನು ಬಂದ ತಕ್ಷಣ ಮುಖ ನೋಡಿ ನಾನು ಟಿವಿ ಆರಿಸಲ್ವಾ, ಹಾಗೆ."

"ನಿಲ್ಲಿಸದೇ ಇದ್ರೆ?"

"ಅದು ಬಾಕ್ಸಲ್ಲಿದೆ. ಪರೀಕ್ಷೆಗೆ ಬರಲ್ಲ."

"ಬರದಿದ್ರೂ ಓದು. ದುಡ್ಡು ಕೊಟ್ಟು ತಂದ ಪುಸ್ತಕ."

ಅವಳು ನಿಟ್ಟುಸಿರು ಬಿಟ್ಟು, ಹಲ್ಲಣ್ಣನನ್ನು ಪಕ್ಕಕ್ಕೆ ಸರಿಸಿ ಒಂದೇ ರಾಗದಲ್ಲಿ ಓದಿದಳು: "ಬೆಳೆಯುವ ವಯಸ್ಸು ಮುಗಿದ ಮೇಲೂ ಬೆಳವಣಿಗೆಯ ಹಾರ್ಮೋನು ಅತಿಯಾಗಿ ಬಂದರೆ ವ್ಯಕ್ತಿ ಎತ್ತರವಾಗುವುದಿಲ್ಲ. ಕೈ, ಪಾದ ಮತ್ತು ದವಡೆಯ ಮೂಳೆಗಳು ನಿಧಾನವಾಗಿ ದಪ್ಪವಾಗುತ್ತ ಹೋಗುತ್ತವೆ. ಬದಲಾವಣೆ ಬಹಳ ನಿಧಾನವಾದ್ದರಿಂದ ಜೊತೆಯಲ್ಲಿರುವವರ ಗಮನಕ್ಕೂ ಬರುವುದಿಲ್ಲ."

"ಇನ್ನೊಂದ್ಸಲ ಓದು."

"ಅಮ್ಮಾ! ಬರಲ್ಲ ಅಂದ್ನಲ್ಲ!"

"ಓದೇ."

ಅವಳು ಓದುತ್ತಿದ್ದಂತೆ ನಾನು ಹಲ್ಲಣ್ಣನನ್ನು ಎತ್ತಿಕೊಂಡೆ. ತಿರುಗಿಸಿದೆ. ಅಡಿಯಲ್ಲಿ ನನ್ನದೇ ಪೆನ್ಸಿಲಿನ ಬರಹ. ಇನ್ನೂರ ಹದಿನಾಲ್ಕು, ಅಂದಿಗೆ ಮೂರು ವರ್ಷ ಹಿಂದಿನ ತಾರೀಖು. ಮುಂದಿನ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಆ ಗುರುವಾರ ಮಧ್ಯಾಹ್ನವಷ್ಟೇ ಲ್ಯಾಬಿನಲ್ಲಿ ಹೊಸ ದವಡೆಯ ಮುಂದಿನ ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ್ದ ಪ್ಲಾಸ್ಟರಿನ ಚೂರುಗಳನ್ನು ಮೊಂಡು ಚಾಕುವಿನಿಂದ ಬಿಡಿಸಿದ್ದೆ. ಸಂದಿ! ಅಲ್ಲಿ ಸಂದಿ ಎಲ್ಲಿಂದ ಬಂತು?

ಲಂಗ ಸುಟ್ಟ ವಾಸನೆ ಬಂತು. ಅಂಚಿನಲ್ಲೇ, ಪುಣ್ಯಕ್ಕೆ.

ಮರುದಿನ ಹಲ್ಲಣ್ಣನನ್ನು ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡೆ. ಮಗಳು, "ಪರೀಕ್ಷೆ ದಿನ ಅವನೇ ನನ್ನ ಅದೃಷ್ಟ ಕಣಮ್ಮ" ಎಂದು ಗೋಗರೆದಳು. "ಓದಿದ್ದೇ ಅದೃಷ್ಟ, ಹೋಗು" ಅಂದೆ.

ಲ್ಯಾಬಿನಲ್ಲಿ ಎರಡು ದವಡೆಗಳನ್ನೂ ಅಕ್ಕಪಕ್ಕ ಇಟ್ಟು ಇಕ್ಕಳದಂಥ ಅಳತೆಯ ಕ್ಯಾಲಿಪರ್ ಹಿಡಿದೆ. ಎಡಗಡೆ ಉಳಿದಿದ್ದ ಕೊನೆಯ ಹಲ್ಲಿನಿಂದ ಬಲಗಡೆಯ ಕೊನೆಯ ಹಲ್ಲಿಗೆ ಅಳೆದೆ. ಮೂರು ಸಲ ಅಳೆದೆ. ಆಮೇಲೆ ಮೇಣದಜ್ಜನ ಕೈಗೆ ಕೊಟ್ಟೆ.

"ಅಜ್ಜಾ, ನೀವು ಅಳೀರಿ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಅವರು ಅಳೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಅಳೆದರು. "ಮೂರೂವರೆ ಮಿಲಿಮೀಟರ್ ಜಾಸ್ತಿ."

"ಪ್ಲಾಸ್ಟರ್ ಉಬ್ಬಿದ್ದಾ?"

"ಉಬ್ಬಿದ್ರೆ ಕೂದಲೆಳೆಯಷ್ಟು ಉಬ್ಬುತ್ತೆ. ಹೀಗೆ ಹಲ್ಲು ಹಲ್ಲಿನ ನಡುವೆ ಬಾಗಿಲು ತೆಗೀತದಾ? ಬೇರೆಯವರ ಅಚ್ಚು ಇರ್ಬೇಕು ಬಿಡು. ನಂಬರು ಅದಲುಬದಲಾಗಿದೆ."

ನಾನು ಎಡಗಡೆಯ ಕೋರೆಹಲ್ಲು ತೋರಿಸಿದೆ. ಎರಡರಲ್ಲೂ ಅದೇ ಓರೆ, ಅದೇ ಮುರುಕು. ಮೇಣದಜ್ಜ ಬೆರಳಿನಿಂದ ಎರಡನ್ನೂ ಸವರಿದರು.

"ಅಲ್ಲಮ್ಮಾ, ಈ ಮನುಷ್ಯ ಬೆಳೀತಿದ್ದಾನೆ."

ನನ್ನ ಕೈ ಕೆಟ್ಟಿರಲಿಲ್ಲ! ಆ ಖುಷಿ ಎಷ್ಟು ಹೊತ್ತು ಇತ್ತು ಅಂತ ಹೇಳಲು ನಾಚಿಕೆ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಇತ್ತು. ಲೋಟ ಕೆಳಗಿಟ್ಟಾಗ ಇನ್ನೊಂದು ಯೋಚನೆ ಬಂತು. ಆ ಪ್ಲೇಟು ಐದು ಸಲ ಸಡಿಲಾಗಿತ್ತು. ಐದು ಸಲವೂ ಆ ಮನುಷ್ಯನ ಮೈ ಏನೋ ಹೇಳಿ ಕಳಿಸಿತ್ತು. ನಾನು ಅದನ್ನು ಉಜ್ಜಿ, ಒರೆಸಿ, ಹೊಳಪು ಕೊಟ್ಟು ಹಿಂದಕ್ಕೆ ಕಳಿಸಿದ್ದೆ. ಡಾಕ್ಟರಮ್ಮನ ಕಡತದಲ್ಲಿರುವುದು ಎರಡೇ. ಐದೂ ಕಂಡಿದ್ದರೆ ಅವರು ಎಂದೋ ಅನುಮಾನಪಡುತ್ತಿದ್ದರು.

ಯಜಮಾನರ ಕೋಣೆಗೆ ಹೋಗಿ ಎಲ್ಲ ಹೇಳಿದೆ, ಶನಿವಾರಗಳನ್ನೂ ಸೇರಿಸಿ.

"ಮೂರು ಸಲ ಕದ್ದು ಮಾಡಿದ್ಯಾ? ರಿಜಿಸ್ಟರ್ ಯಾಕಿಟ್ಟಿದ್ದೀನಿ, ಸೊಳ್ಳೆ ಹೊಡೆಯೋಕಾ?" ಅವರ ಮುಖ ಕೆಂಪಾಯಿತು. "ಈಗ ಡಾಕ್ಟರಮ್ಮನ ಮುಂದೆ ಹೋಗಿ, ಪ್ಲಾಸ್ಟರ್ ಕಲಸೋ ನಾನು ನಿಮ್ಮ ಪೇಷೆಂಟಿನ ರೋಗ ಕಂಡುಹಿಡಿದೆ ಅಂತೀಯಾ? ಇದ್ದಬದ್ದ ಡಬ್ಬೀನೂ ನಿಲ್ಲುತ್ತೆ. ಹೊಸ ಪ್ಲೇಟು ಕೂರುತ್ತೋ ಇಲ್ವೋ ಹೇಳು."

"ಇವತ್ತು ಕೂರುತ್ತೆ. ಆರು ತಿಂಗಳಿಗೆ ಮತ್ತೆ ಸಡಿಲಾಗುತ್ತೆ."

"ಇವತ್ತು ಕೂರುತ್ತಲ್ಲ, ಸಾಕು. ಕಳಿಸು."

ಅಲ್ಲೇ ಸುಮ್ಮನಾಗಿದ್ದರೆ ಕಿಟಕಿಯ ಪಕ್ಕದ ಮೇಜು ಉಳಿಯುತ್ತಿತ್ತು. ನನ್ನ ಜಾಗಕ್ಕೆ ಬಂದು ಮೇಣದ ದೀಪ ಆರಿಸಿದೆ. ಹೊಸ ಪ್ಲೇಟನ್ನೂ ಎರಡು ದವಡೆಗಳನ್ನೂ ಒಗೆದ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಮೇಣದಜ್ಜ ತಲೆ ಎತ್ತದೆ ಹೇಳಿದರು: "ಕೇಳಿದ್ರೆ ಹೊಟ್ಟೆನೋವು ಅಂತ ಮನೆಗೆ ಹೋದ್ಲು ಅಂತೀನಿ."

"ಬೇಡ ಅಜ್ಜ. ಕ್ಲಿನಿಕ್ಕಿಗೆ ಹೋದ್ಲು ಅಂತಾನೇ ಹೇಳಿ. ಮುಚ್ಚಿಟ್ಟು ಸಾಕಾಯ್ತು."

ಕ್ಲಿನಿಕ್ಕು ಎರಡು ಬಸ್ಸಿನ ದಾರಿ. ಮೂರೂವರೆಗೆ ಮುಟ್ಟಿದೆ. ಬಾಗಿಲಲ್ಲಿ "ಯಾರು ಬೇಕಿತ್ತು?" ಎಂದ ದನಿ ಕೇಳಿದ್ದೇ ನರ್ಸನ್ನು ಗುರುತಿಸಿದೆ. ಅಂದುಕೊಂಡದ್ದಕ್ಕಿಂತ ಚಿಕ್ಕವಳು. ನಾನು ಯಾರೆಂದು ಹೇಳಿದಾಗ ಅವಳ ಬಣ್ಣ ಇಳಿಯಿತು. "ಅಕ್ಕಾ, ನನ್ನ ಹೆಸರು ಮಾತ್ರ..." ಎಂದು ಕೈ ಹಿಡಿದಳು. ನಾನು ಕೈ ಬಿಡಿಸಿಕೊಂಡು ಒಳಗೆ ಹೋದೆ.

ಡಾಕ್ಟರಮ್ಮ ಕೈಗವಸು ತೆಗೆಯುತ್ತ, "ಲ್ಯಾಬಿನವರು ಇಲ್ಲಿಗೆ ಯಾಕೆ ಬಂದ್ರಿ? ಕ್ಷಮೆ ಕೇಳೋದಾದ್ರೆ ಫೋನಲ್ಲೇ ಕೇಳಬಹುದಿತ್ತು" ಅಂದರು.

ಮೇಜಿನ ಮೇಲೆ ಟವೆಲು ಬಿಚ್ಚಿದೆ. ಅವರು ಬಗ್ಗಿ ನೋಡಿದರು.

"ಇದೇನಿದು, ಹುಬ್ಬು? ಮೀಸೆ ಬೇರೆ!"

"ಮಗಳು ಬರೆದದ್ದು ಡಾಕ್ಟ್ರೇ. ಹಲ್ಲಿಗೆ ಬಣ್ಣ ಮುಟ್ಟಿಸಿಲ್ಲ. ಇದು ಮೂರು ವರ್ಷದ ಹಿಂದಿಂದು, ಇದು ಈ ವಾರದ್ದು. ಎರಡೂ ಇನ್ನೂರ ಹದಿನಾಲ್ಕು." ಕ್ಯಾಲಿಪರ್ ಮುಂದಿಟ್ಟೆ. "ನಾನು ಹೇಳೋದು ಬೇಡ, ನೀವೇ ಅಳೆದು ನೋಡಿ. ಇನ್ನೊಂದು ವಿಷಯ. ನಿಮಗೆ ಗೊತ್ತಿರೋದು ಎರಡು ಸಲ. ಇದು ಸಡಿಲಾಗಿದ್ದು ಐದು ಸಲ. ಮೂರು ಸಲ ನಾನು ಯಾರಿಗೂ ಹೇಳದೆ ಸರಿಮಾಡಿ ಕಳಿಸಿದ್ದೀನಿ."

"ನಿಮಗೆ ಯಾರು ಕಳಿಸಿದ್ರು?"

ಹಿಂದಿನಿಂದ ಸಣ್ಣ ದನಿ ಬಂತು: "ನಾನೇ ಮೇಡಂ. ಶನಿವಾರಗಳಲ್ಲಿ."

ಡಾಕ್ಟರಮ್ಮ ಅವಳನ್ನು ನೋಡಿದ ರೀತಿಗೆ ನಾನಾಗಿದ್ದರೆ ನೆಲಕ್ಕಿಳಿದು ಹೋಗುತ್ತಿದ್ದೆ. ಆದರೆ ಅವರು ಬೈಯಲಿಲ್ಲ. ಕ್ಯಾಲಿಪರ್ ಎತ್ತಿಕೊಂಡರು. ಅಳೆಯುತ್ತ ಅಳೆಯುತ್ತ ಅವರ ಮುಖದ ಸಿಟ್ಟು ಎಲ್ಲೋ ಹೋಯಿತು. ಕಡತ ತೆರೆದು ಹಳೆಯ ಎಕ್ಸ್‌ರೇ ಒಂದನ್ನು ಬೆಳಕಿಗೆ ಹಿಡಿದರು. "ನಾನು ಪ್ರತಿ ಸಲ ಪ್ಲೇಟು ನೋಡ್ತಿದ್ದೆ" ಎಂದರು, ನನಗಲ್ಲ, ತಮಗೇ ಹೇಳಿಕೊಂಡಂತೆ. "ಮುಖ ನೋಡ್ಲಿಲ್ಲ."

ನಾಲ್ಕು ಗಂಟೆಗೆ ಆ ಇನ್ನೂರ ಹದಿನಾಲ್ಕರವರು ಬಂದರು. ಬಸ್ಸಿನ ಡ್ರೈವರು, ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದರು. ಎತ್ತರದ ಆಳಲ್ಲ. ಆದರೆ ಮೂಗು, ತುಟಿ, ಗಲ್ಲ ಎಲ್ಲ ಇನ್ನೊಬ್ಬ ದೊಡ್ಡ ಆಳಿನಿಂದ ತಂದಂತಿದ್ದವು. ಕುರ್ಚಿಯ ತೋಳಿನ ಮೇಲಿಟ್ಟ ಕೈ ಹಲಗೆಯಂತಿತ್ತು. ಬಾಯಿ ತೆರೆದು ನಕ್ಕಾಗ ಎಡಗಡೆ ಆ ಓರೆ ಮುರುಕಿನ ಕೋರೆಹಲ್ಲು ಕಂಡಿತು. ನನಗೆ ಏನಾಯಿತೋ, ಬಂಧುಗಳನ್ನು ಕಂಡ ಹಾಗಾಯಿತು.

"ನಿಮ್ಮ ಹಲ್ಲು ಮಾಡೋರು ಇವರೇ" ಎಂದು ಡಾಕ್ಟರಮ್ಮ ಪರಿಚಯಿಸಿದರು.

"ಓ, ನೀವಾ ತಾಯಿ! ಪಾಪ, ನಿಮಗೆ ಎಷ್ಟು ಸಲ ತೊಂದರೆ ಕೊಟ್ಟೆ. ನನ್ನ ಬಾಯೇ ಸರಿಯಿಲ್ಲ ಬಿಡಿ. ನನ್ನ ಹೆಂಡತಿ ಮದುವೆ ಆದಾಗಿಂದ ಅದನ್ನೇ ಹೇಳ್ತಿದ್ದಾಳೆ." ದನಿ ಖಾಲಿ ಕೊಡದ ತಳದಿಂದ ಬಂದಂತಿತ್ತು.

ಡಾಕ್ಟರಮ್ಮ ನಗಲಿಲ್ಲ. ಒಂದೊಂದಾಗಿ ಕೇಳಿದರು. ಉಂಗುರ? ಎರಡು ವರ್ಷದ ಹಿಂದೆ ಕತ್ತರಿಸಿ ತೆಗೆಸಬೇಕಾಯಿತು. ಚಪ್ಪಲಿ? ಎರಡು ಸೈಜು ಮೇಲೆ ಹೋಗಿದೆ. "ಈಗಿನ ಕಂಪನಿಗಳು ಅಳತೆ ಕಡಿಮೆ ಮಾಡಿಬಿಟ್ಟಿದ್ದಾರೆ ಅಂದ್ಕೊಂಡೆ." ತಲೆನೋವು? ಇದೆ, ಬಿಸಿಲಿಗೆ ಇರಬೇಕು. ಗೊರಕೆ? "ಹೆಂಡತಿ ಈಗ ಮಗಳ ಕೋಣೆಯಲ್ಲಿ ಮಲಗ್ತಾಳೆ."

"ಬಸ್ಸು ಓಡಿಸುವಾಗ ಏನಾದ್ರೂ ಕಷ್ಟ?"

ಅವರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು, ಯಾಕೋ.

"ಇಪ್ಪತ್ತಾರು ವರ್ಷದಲ್ಲಿ ನನ್ನ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಈ ವರ್ಷ ಎರಡು ಸಲ ಪಕ್ಕದ ಕನ್ನಡಿ ಕಂಬಕ್ಕೆ ತಾಗ್ತು. ಒಂದ್ಸಲ ಎಡಗಡೆ, ಒಂದ್ಸಲ ಬಲಗಡೆ. ಡಿಪೋದಲ್ಲಿ ಮೆಕ್ಯಾನಿಕ್ ನನ್ನ ಸ್ನೇಹಿತ. ಯಾರಿಗೂ ಗೊತ್ತಾಗದ ಹಾಗೆ ಬದಲಾಯಿಸಿಕೊಟ್ಟ. ವಯಸ್ಸಾಯ್ತು, ಕೈ ಹಿಡಿತ ಹೋಯ್ತು ಅಂತ ಗೊತ್ತಾದ್ರೆ ಸ್ಟಿಯರಿಂಗಿನಿಂದ ಇಳಿಸಿಬಿಡ್ತಾರಲ್ಲ."

ಅವರು ಮುಚ್ಚಿಟ್ಟಿದ್ದೂ ನಾನು ಮುಚ್ಚಿಟ್ಟಿದ್ದೂ ಒಂದೇ ಭಯವನ್ನು. ನಾನು ಎದ್ದು ಗೋಡೆಯ ಬಳಿ ಹೋದೆ.

ಡಾಕ್ಟರಮ್ಮ ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. "ನನ್ನ ಮೂಗನ್ನೇ ನೋಡ್ತಿರಿ, ಕಣ್ಣು ಆಚೀಚೆ ತಿರುಗಿಸಬೇಡಿ" ಎಂದು ಎರಡೂ ಕೈ ಪಕ್ಕಕ್ಕೆ ಚಾಚಿ ಬೆರಳಾಡಿಸಿದರು. "ಬೆರಳು ಕಂಡಾಗ ಹೇಳಿ." ಕೈಗಳು ನಿಧಾನವಾಗಿ ಒಳಕ್ಕೆ ಬರುತ್ತಿದ್ದವು. ಗೋಡೆಗೊರಗಿ ನಿಂತ ನಾನೂ ಎದುರಿನ ಗಡಿಯಾರವನ್ನೇ ದಿಟ್ಟಿಸಿ ನೋಡಿದೆ. ಆ ಬೆರಳುಗಳು ಕಣ್ಣಂಚಿನಲ್ಲಿ ನನಗೆ ಕಾಣುತ್ತಿದ್ದವು. ಡ್ರೈವರು ಏನೂ ಹೇಳಲಿಲ್ಲ. ಕೈಗಳು ಇನ್ನೂ ಒಳಗೆ ಬಂದವು. ಹೆಚ್ಚುಕಡಿಮೆ ಅವರ ಕೆನ್ನೆಯ ನೇರಕ್ಕೆ ಬಂದಾಗ "ಹಾಂ, ಈಗ" ಅಂದರು. ಬೆರಳು ಎಲ್ಲಿದೆ ಎಂದು ಅವರಿಗೂ ಗೊತ್ತಾಯಿತು.

"ನಿಮ್ಮ ಕೈಗೇನೂ ಆಗಿಲ್ಲ" ಎಂದರು ಡಾಕ್ಟರಮ್ಮ. "ಮಿದುಳಿನ ಕೆಳಗೆ ಒಂದು ಚಿಕ್ಕ ಗ್ರಂಥಿ ಇದೆ. ಅಲ್ಲಿ ಗಂಟು ಬೆಳೆದಿರಬಹುದು ಅಂತ ನನಗೆ ಅನುಮಾನ. ಅದು ಬೆಳವಣಿಗೆಯ ಹಾರ್ಮೋನು ಸುರೀತಾನೇ ಇದ್ರೆ ದವಡೆ, ಕೈ, ಕಾಲು ಹೀಗಾಗುತ್ತೆ. ಕಣ್ಣಿನ ನರ ಅದರ ಮೇಲೇ ಹಾದುಹೋಗುತ್ತೆ, ಗಂಟು ಒತ್ತಿದ್ರೆ ಎರಡೂ ಪಕ್ಕ ಕಾಣಲ್ಲ. ನಾನು ಹಲ್ಲಿನವಳು, ಖಚಿತ ಮಾಡೋದು ಹಾರ್ಮೋನು ಡಾಕ್ಟ್ರು. ಇವತ್ತೇ ಪತ್ರ ಕೊಡ್ತೀನಿ. ಸಾಮಾನ್ಯವಾಗಿ ಇದು ಕ್ಯಾನ್ಸರ್ ಅಲ್ಲ, ಚಿಕಿತ್ಸೆ ಇದೆ. ಆದ್ರೆ ನಾಳೆಯಿಂದ ಬಸ್ಸು ಮುಟ್ಟಬೇಡಿ."

"ಬೆಳಗಿನ ಟ್ರಿಪ್ಪಿನಲ್ಲಿ ಸ್ಕೂಲು ಮಕ್ಕಳೇ ಜಾಸ್ತಿ" ಅಂದರು ಡ್ರೈವರು. ಜೇಬಿನಿಂದ ಡಿಪೋದ ಕೀಲಿಗೊಂಚಲು ತೆಗೆದು, ಯಾರಿಗೆ ಕೊಡಬೇಕೆಂದು ತಿಳಿಯದೆ, ಮತ್ತೆ ಜೇಬಿಗೇ ಹಾಕಿಕೊಂಡರು.

ಮಿಕ್ಕಿದ್ದು ನನಗೆ ನರ್ಸಿನ ಫೋನಿನಿಂದ ಗೊತ್ತಾದದ್ದು. ಅವಳಿಗೆ ಬೈಗುಳ ಬಿತ್ತು, ಕೆಲಸ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಡ್ರೈವರಿಗೆ ಸಕ್ಕರೆ ನೀರು ಕುಡಿಸಿ ಅರ್ಧ ಅರ್ಧ ಗಂಟೆಗೆ ರಕ್ತ ತೆಗೆದರಂತೆ. ಸಕ್ಕರೆ ರಕ್ತಕ್ಕೆ ಬಂದರೆ ಸರಿಯಿರುವ ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ತಗ್ಗಬೇಕು. ಅವರದು ತಗ್ಗಲೇ ಇಲ್ಲ. ಸಾಕು ಎನ್ನುವುದು ಗ್ರಂಥಿಯ ಕಿವಿಗೆ ಬೀಳುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಗಂಟು ಕಂಡಿತು. ತಲೆ ಒಡೆಯದೆ ಮೂಗಿನೊಳಗಿನಿಂದಲೇ ತೆಗೆದರು. ಎರಡೂ ಪಕ್ಕ ತಿಂಗಳೊಳಗೆ ಕಣ್ಣಿಗೆ ಬಹುಪಾಲು ಕಾಣತೊಡಗಿತಂತೆ. ಡಿಪೋದಲ್ಲಿ ಈಗ ಅವರಿಗೆ ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವ ಕೆಲಸ. ಕಣ್ಣಿನ ಡಾಕ್ಟರು ಸಹಿ ಹಾಕಿದ ಮೇಲೆ ಸ್ಟಿಯರಿಂಗಿನ ಮಾತು.

ನಾನು? ಆ ಸೋಮವಾರ ಪಾಲಿಶ್ ಮೇಜಿಗೆ ಹೋದೆ. ಡಾಕ್ಟರಮ್ಮ ಫೋನು ಮಾಡಿ ಹೊಗಳಿದರಂತೆ, ಡಬ್ಬಿಗಳೂ ನಿಲ್ಲಲಿಲ್ಲ. ಆದರೂ ಯಜಮಾನರು, "ಕಂಡುಹಿಡಿದಿದ್ದಕ್ಕೆ ಶಭಾಷ್. ಬರೆಯದೇ ಇದ್ದಿದ್ದಕ್ಕೆ ಆರು ತಿಂಗಳು ಗೋಡೆ ನೋಡು" ಅಂದರು. ಅದರಲ್ಲಿ ಅನ್ಯಾಯವೇನೂ ನನಗೆ ಕಾಣಲಿಲ್ಲ. ಆರು ತಿಂಗಳ ಕಡೆಯ ವಾರದಲ್ಲಿ ರಿಜಿಸ್ಟರಿಗೆ ಹೊಸ ಕಾಲಂ ಎಳೆಸಿದರು: ಎಷ್ಟನೆಯ ಸಲ, ಎಷ್ಟು ಉಜ್ಜಿದ್ದು, ಎಲ್ಲಿ ಕೂಡಿಸಿದ್ದು. ಚೀಟಿ ಇರಲಿ ಬಿಡಲಿ ಬರೆಯಬೇಕು. ಆ ರಿಜಿಸ್ಟರನ್ನು ನನ್ನ ಕೈಗೇ ಕೊಟ್ಟು ಕಿಟಕಿಯ ಕಡೆ ಕೈ ತೋರಿಸಿದರು.

ಅಷ್ಟರಲ್ಲಿ ಡ್ರೈವರ ಎರಡು ಅಚ್ಚು ಬಂದಿದ್ದವು. ಒಂದು ಆಪರೇಷನ್ ಆದ ಹೊಸತರಲ್ಲಿ ತೆಗೆದದ್ದು, ಇನ್ನೊಂದು ಐದು ತಿಂಗಳ ನಂತರದ್ದು. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ, ಅದು ಗೊತ್ತಿತ್ತು. ಮೊದಲನೆಯ ದವಡೆಗೆ ಕ್ಯಾಲಿಪರ್ ಹಿಡಿದು ತಿರುಪು ಬಿಗಿದೆ. ಹಾಗೇ ತೆಗೆದು ಎರಡನೆಯದಕ್ಕೆ ಇಳಿಸಿದೆ. ತಿರುಪು ಮುಟ್ಟಬೇಕಾಗಲಿಲ್ಲ. ಎರಡೂ ತುದಿ ಸದ್ದಿಲ್ಲದೆ ಹಲ್ಲಿಗೆ ತಾಗಿ ನಿಂತವು.

"ನಿಂತಿತಾ?" ಎಂದರು ಮೇಣದಜ್ಜ.

"ನಿಂತಿದೆ ಅಜ್ಜ."

ಪ್ಲೇಟು ಮಾಡಿದೆ, ಉಜ್ಜಿದೆ, ಕಳಿಸಿದೆ. ಹಲ್ಲಣ್ಣ ಡಾಕ್ಟರಮ್ಮನ ಕಪಾಟಿನಲ್ಲೇ ಉಳಿದ, ಹುಬ್ಬು ಮೀಸೆಯ ಸಮೇತ. ಮಗಳು ಇನ್ನೂ ನನ್ನನ್ನು ಕ್ಷಮಿಸಿಲ್ಲ. ಪಕ್ಕದಲ್ಲಿ ನಿಂತು ನನ್ನ ಚೀಲದಲ್ಲಿ ಕೈಯಾಡಿಸುವಾಗ ಅವಳ ಭುಜ ಈಗ ನನ್ನ ಭುಜಕ್ಕೆ ತಾಗುತ್ತದೆ. ಲಂಗದ ಅಂಚಿನಲ್ಲಿ ಇಳಿಸಲು ಇನ್ನು ಬಟ್ಟೆ ಉಳಿದಿಲ್ಲ.

ಪ್ಲೇಟು ಹೋಗಿ ಇವತ್ತಿಗೆ ಹತ್ತು ತಿಂಗಳಾಯಿತು. ದಿನಾ ಸಂಜೆಯ ಡಬ್ಬಿಗಳನ್ನು ತೆರೆಯುವಾಗ ಮೇಣದಜ್ಜ ಆ ಕಡೆಯಿಂದ ಕೇಳುತ್ತಾರೆ.

"ಬಂದನೇನೇ ನಿಮ್ಮ ಡ್ರೈವರು?"

"ಇಲ್ಲ ಅಜ್ಜ, ಇವತ್ತೂ ಬರ್ಲಿಲ್ಲ."

"ಒಳ್ಳೇದಾಯ್ತು" ಅನ್ನುತ್ತಾರೆ, ಮೇಣ ಕರಗಿಸುತ್ತ.